ಕೈ ತೋರಸ್ರಿ, ಫೋಟೊ ತಗೀತೀನಿ

ಚಿಕ್ಕೋಡಿಯಿಂದ ಕಾಗವಾಡದವರೆಗೆ ಊರೂರು ಹುಡುಕಿದರೂ ನೀರಿಗಿಳಿಯದೆ ಈಜು ಬರುವ ಮನುಷ್ಯ ನಿಮಗೆ ಸಿಗಲಾರ. ನಮ್ಮ ಸೋದರತ್ತೆಗೆ ಬರುತ್ತಿತ್ತು! ಸುಳ್ಳಲ್ಲ. ಹೊಲದ ಬಾವಿಯ ದಂಡೆಗೆ ಚಾಪೆ ಹಾಸಿ, ಈಜು ಕಲಿಸುವ ಪುಸ್ತಕವನ್ನು ಕಣ್ಣೆದುರು ತೆರೆದಿಟ್ಟು, ಹೊಟ್ಟೆಯ ಮೇಲೆ ಮಲಗಿ ಕೈಕಾಲು ಬಡಿದು ಬಡಿದು, ಕೊನೆಯ ಪುಟದವರೆಗೂ ಈಜಿ ಮುಗಿಸಿದ್ದಳು. "ನೀರಿಗೆ ಯಾವಾಗ ಇಳೀತಿ?" ಎಂದು ಅಪ್ಪ ಕೇಳಿದಾಗ, "ಪುಸ್ತಕ ಮುಗದೈತಲ್ಲ ಅಣ್ಣಾ, ಇನ್ನ್ಯಾಕ ಇಳೀಬೇಕು?" ಅಂದಳಂತೆ.

ಅತ್ತೆ ಅಪ್ಪನ ಒಬ್ಬಳೇ ತಂಗಿ. ರಾಯಬಾಗ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ, ನಿವೃತ್ತಳಾಗಿ ಏಕಸಂಬಿಯ ನಮ್ಮ ಮನೆಗೆ ಬಂದು ಉಳಿದವಳು. ಊರೆಲ್ಲ ಅವಳನ್ನು ಅಕ್ಕೋರು ಅನ್ನುತ್ತಿತ್ತು. ನಮ್ಮ ಅವ್ವ ಕೂಡ ನಾದಿನಿಯನ್ನು ಅಕ್ಕೋರ ಎಂದೇ ಕರೆಯುತ್ತಿದ್ದಳು. ಮದುವೆಯಾಗಿರಲಿಲ್ಲ. ಸಂಸಾರ ಮಾಡುವುದು ಹೇಗೆಂದು ತಿಳಿಸುವ ಪುಸ್ತಕ ಎಲ್ಲೂ ಸಿಗದ್ದರಿಂದ ಆಗಲಿಲ್ಲ ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದ. ಅವಳು ನಗುತ್ತಿದ್ದಳು. ಆ ನಗು ಹೇಗಿತ್ತು ಎಂದು ನಿಮಗೆ ತೋರಿಸಬೇಕೆಂದರೆ ಈಗ ನನ್ನ ಹತ್ತಿರ ಏನೂ ಇಲ್ಲ. ಈ ಪ್ರಬಂಧವೆಲ್ಲ ಆ ಸಂಕಟದ್ದೇ.

ಏನೇ ಕಲಿಯಲಿ, ಪುಸ್ತಕದಿಂದಲೇ ಕಲಿಯಬೇಕು. ಯಾರನ್ನಾದರೂ ಕೇಳಿದರೆ? ಛೇ! ಅದು ಪರೀಕ್ಷೆಯಲ್ಲಿ ಪಕ್ಕದವನದು ನೋಡಿ ಬರೆದಂತೆ! ಸ್ಕೂಟಿಯನ್ನೂ ಹೀಗೇ ಕಲಿತಳು. ಗಾಡಿ ಚಾಲೂ ಮಾಡುವ ಪಾಠ ಓದಿದಳು, ವೇಗ ಹೆಚ್ಚಿಸುವ ಪಾಠ ಓದಿದಳು, ಅಲ್ಲಿಗೆ ಉತ್ಸಾಹ ತಡೆಯದೆ ಹೊರಟೇಬಿಟ್ಟಳು. ನಿಲ್ಲಿಸುವುದು ಮುಂದಿನ ಪಾಠದಲ್ಲಿತ್ತು. ಸದಲಗಾ ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಗಾಡಿಯೊಳಗೆ ಮೂತಿ ತೂರಿಸಿ ಸ್ಕೂಟಿ ತಾನಾಗಿ ನಿಂತಿತು. ಗಾಡಿಯವನು ಗಾಬರಿಯಾಗಿ, "ಅಕ್ಕೋರ, ಬ್ರೇಕ್ ಹಿಡೀಬೇಕಿಲ್ರಿ?" ಅಂದ. ಅತ್ತೆ ಸೆರಗಿಗೆ ಸಿಕ್ಕಿದ್ದ ಕಬ್ಬಿನ ಒಣಗರಿಯ ರವದಿ ಕೊಡವುತ್ತ, "ಅದು ನಾಳಿನ ಪಾಠಪ್ಪ" ಅಂದಳು.

ಇಂಥವಳು ಫೋಟೊ ತೆಗೆಯುವುದನ್ನು ಯಾಕೆ ಕಲಿಯಹೊರಟಳು ಎಂದು ಕೇಳಬೇಕು ನೀವು. ಅದಕ್ಕೆ ಕಾರಣ ನಮ್ಮ ಆಯಿ, ಎಂದರೆ ಅಪ್ಪ ಮತ್ತು ಅತ್ತೆಯ ತಾಯಿ.

ಆಯಿ ತೀರಿಹೋದಾಗ ಮನೆಯಲ್ಲಿ ಅವಳದೊಂದು ಫೋಟೊ ಇರಲಿಲ್ಲ. ನಮ್ಮ ಕಡೆ ಹೀಗಾಗುವುದು ಹೊಸದೇನಲ್ಲ. ಇದ್ದಾಗ ಯಾರೂ ತೆಗೆಸುವುದಿಲ್ಲ, ಹೋದಮೇಲೆ ಗೋಡೆಗೆ ಹಾಕಲು, ಚೌಕದಲ್ಲಿ ಶ್ರದ್ಧಾಂಜಲಿಯ ಬ್ಯಾನರ್ ಕಟ್ಟಲು ಕಪಾಟು ತಡಕುತ್ತೇವೆ. ಕೊನೆಗೆ ಯಾರದೋ ಮದುವೆಯ ಗುಂಪು ಫೋಟೊದಲ್ಲಿ ಆಯಿ ಸಿಕ್ಕಳು, ಬಾಯಲ್ಲಿ ಬುಂದಿ ಲಾಡು ಇಟ್ಟುಕೊಂಡು! ಸ್ಟುಡಿಯೋದವನು ಆ ಮುಖವನ್ನಷ್ಟೇ ಕತ್ತರಿಸಿ ತೆಗೆದು, ತನ್ನ ಕಂಪ್ಯೂಟರಿನಲ್ಲಿದ್ದ ಒಂದು ಮೈಗೆ ಅಂಟಿಸಿಕೊಟ್ಟ. ಇಳಕಲ್ಲ ಸೀರೆ ಬಿಟ್ಟು ಬೇರೆ ಉಡದ ನಮ್ಮ ಆಯಿ ಜರಿ ಸೀರೆಯುಟ್ಟು, ಕುತ್ತಿಗೆ ತುಂಬ ಬಂಗಾರ ಹಾಕಿಕೊಂಡು, ಮೆತ್ತನೆಯ ಸೋಫಾದಲ್ಲಿ ಕುಳಿತಿದ್ದಳು. ಪಕ್ಕದಲ್ಲೊಂದು ಹೂವಿನ ಕುಂಡ. ಬಂದವರೆಲ್ಲ "ಏನ್ ಛಂದ ಬಂದಾಳ್ರಿ ಆಯಿ!" ಎಂದು ಹೊಗಳಿದರು.

ಅತ್ತೆ ಮಾತ್ರ ಫೋಟೊದ ಮುಂದೆ ಬಹಳ ಹೊತ್ತು ನಿಂತಳು. ಆಯಿಯ ಮುಂಗೈ ತುಂಬ ಹಚ್ಚೆ ಇತ್ತು, ಒಲೆಯ ಕೆಲಸದಿಂದ ಬೆರಳು ಸೊಟ್ಟಗಾಗಿದ್ದವು. ಫೋಟೊದಲ್ಲಿದ್ದ ಕೈಗಳು ಬೆಳ್ಳಗೆ, ನುಣ್ಣಗೆ ಇದ್ದವು.

"ಮಾರಿ ಅವ್ವಂದು. ಕೈ ಯಾರವು?" ಎಂದು ಕೇಳಿದಳು.

ಫೋಟೊ ತಂದುಕೊಟ್ಟು ಅಲ್ಲೇ ನಿಂತಿದ್ದ ಸ್ಟುಡಿಯೋದವನು ತಲೆ ಕೆರೆದುಕೊಂಡ. "ಕೈ ಯಾರ್ ನೋಡ್ತಾರ್ರಿ ಅಕ್ಕೋರ?" ಅಂದ.

"ಈ ಕೈ ನನಗ ತುತ್ತ ಹಾಕಿಲ್ಲ" ಅಂದಳು ಅತ್ತೆ. ಆಮೇಲೆ ನಮ್ಮೆಲ್ಲರ ಕಡೆ ತಿರುಗಿ, ವರ್ಗದಲ್ಲಿ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದಳು: "ಇನ್ನ ಮ್ಯಾಲ ಈ ಮನ್ಯಾಗ ಯಾರೂ ಮಂದಿ ಮೈ ಹಚಗೊಂಡು ಗ್ವಾಡಿ ಏರಂಗಿಲ್ಲ. ಎಲ್ಲಾರದೂ ನಾ ತಗೀತೀನಿ, ಅವರವರ ಕೈಕಾಲಿನ ಸುದ್ಧಾ."

ಹೀಗೆ ಶುರುವಾಯಿತು. ಕೊಲ್ಹಾಪುರಕ್ಕೆ ಹೋಗಿ ಕುತ್ತಿಗೆಗೆ ನೇತುಹಾಕುವಂಥ ದೊಡ್ಡ ಕರಿ ಕ್ಯಾಮೆರಾ ತಂದಳು. ಮೊಬೈಲಿನಲ್ಲಿ ತೆಗೆದರಾಗದೇ ಎಂದು ನಾನು ಕೇಳಿದ್ದಕ್ಕೆ, "ಮೊಬೈಲಿಗೆ ಪುಸ್ತಕ ಎಲ್ಲೈತಿ?" ಅಂದಳು. ಕ್ಯಾಮೆರಾದ ಜೊತೆ ಪುಸ್ತಕಗಳೂ ಬಂದವು. ನಿಪ್ಪಾಣಿ ಬಸ್ ಸ್ಟ್ಯಾಂಡಿನ ಹತ್ತಿರ ಹಳೇ ಪುಸ್ತಕ ಮಾರುವವನಲ್ಲಿ ಸಿಕ್ಕ ಒಂದು ಕನ್ನಡದ್ದು, ಕೊಲ್ಹಾಪುರದ ಒಂದು ಮರಾಠಿಯದು. ಕನ್ನಡದ್ದು ಫಿಲ್ಮ್ ರೋಲ್ ಹಾಕುವ ಕಾಲದ್ದು. ಮರಾಠಿಯದು ಹೊಸ ಕಾಲದ್ದೇ, ಆದರೆ ಬೇರೆ ಕಂಪನಿಯ ಕ್ಯಾಮೆರಾ ಇಟ್ಟುಕೊಂಡು ಬರೆದದ್ದು. ಅತ್ತೆಗೆ ಅದೇನೂ ಅಡ್ಡಿಯಾಗಲಿಲ್ಲ. ಎರಡಕ್ಕೂ ಖಾಕಿ ಕಾಗದದ ರಟ್ಟು ಹಾಕಿ, ಹೆಸರಿನ ಚೀಟಿ ಅಂಟಿಸಿ, ಬೆಳಿಗ್ಗೆ ಕನ್ನಡ, ಮಧ್ಯಾಹ್ನ ಮರಾಠಿ ಎಂದು ವೇಳಾಪತ್ರಿಕೆ ಮಾಡಿಕೊಂಡಳು.

ಮೊದಲ ಪಾಠದಲ್ಲೇ ಮನೆ ನಡುಗಿತು. ರೋಲನ್ನು ಕತ್ತಲಲ್ಲಿ ಹಾಕಬೇಕು, ಬೆಳಕು ಬಿದ್ದರೆ ಕೆಡುತ್ತದೆ ಎಂದು ಕನ್ನಡ ಪುಸ್ತಕ ಹೇಳಿತ್ತು. ಇವಳ ಕ್ಯಾಮೆರಾಗೆ ರೋಲ್ ಎಲ್ಲಿಂದ ಬರಬೇಕು? ಉಗುರಿನಷ್ಟು ಮೆಮೊರಿ ಕಾರ್ಡು ಇತ್ತು. ಅದೇ ರೋಲಿನ ತಮ್ಮ ಇರಬೇಕೆಂದು ತಿಳಿದು, ಕಾಳು ತುಂಬಿಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಿಟಕಿಗೆ ಕಂಬಳಿ. ಒಳಗಿಂದ ಬರೀ ತಡಕಾಡುವ ಸಪ್ಪಳ.

"ಕತ್ತಲಾಗ ಏನ್ ಮಾಡಾಕತ್ತಿ ತಂಗೀ?" ಅಪ್ಪ ಹೊರಗಿಂದ ಕೂಗಿದ.

"ಬಾಗಲಾ ತಗೀಬ್ಯಾಡ ಅಣ್ಣಾ! ಬೆಳಕ ಬಿದ್ರ ಎಲ್ಲಾ ಕೆಡತೈತಿ!"

"ಏನ್ ಕೆಡತೈತಿ? ಜೋಳ?"

ಕಾರ್ಡು ಕೈಜಾರಿ ಜೋಳದ ಚೀಲದಲ್ಲಿ ಬಿದ್ದಿತ್ತು. ಇಡೀ ಚೀಲ ಅಂಗಳದಲ್ಲಿ ಸುರಿದು, ಅವ್ವ ಮೊರದಲ್ಲಿ ಕೇರಿ ಕೇರಿ ಹುಡುಕಿದಳು. ಕಾರ್ಡು ಸಿಕ್ಕಾಗ ಅದು ಬಿಸಿಲಿನಲ್ಲಿ ಫಳಫಳ ಹೊಳೆಯುತ್ತಿತ್ತು! ಎಲ್ಲ ಕೆಟ್ಟುಹೋಯಿತೆಂದು ಅತ್ತೆ ಅಂದು ಊಟ ಮಾಡಲಿಲ್ಲ. ನಾನು ಅದನ್ನು ಬೆಳಕಿನಲ್ಲೇ ಹಾಕಬಹುದು ಎಂದು ಹೇಳಲು ಬಾಯಿ ತೆರೆದೆ.

"ನೀ ಪುಸ್ತಕ ಓದೀಯೇನ?"

"ಇಲ್ಲ ಅತ್ತಿ."

"ಮತ್ತ ಸುಮ್ಮನ ಕುಂಡ್ರು."

ಈ ಪ್ರಶ್ನೆಯಿಂದ ನಮ್ಮನೆಯಲ್ಲಿ ಎಲ್ಲರ ಬಾಯಿಯೂ ಮುಚ್ಚುತ್ತಿತ್ತು. ಪುಸ್ತಕ ಓದದವರು ಕ್ಯಾಮೆರಾ ಮುಟ್ಟುವಂತಿಲ್ಲ. ನಾವ್ಯಾರೂ ಓದಲಿಲ್ಲ. ಓದಿದ್ದರೆ ಏನಾಗುತ್ತಿತ್ತು? ಒಂದು ಪಾಠ, ಬರೀ ಒಂದು ಪಾಠ ಓದಿದ್ದರೂ ಸಾಕಾಗಿತ್ತು ಎಂದು ಈಗ ಅನ್ನಿಸುತ್ತದೆ. ಇರಲಿ.

ಫೋಟೊ ತೆಗೆಯಲು ಓಣಿಗೆ ಇಳಿದಳು ನೋಡಿ, ಓಣಿ ಖಾಲಿ! ಯಾಕೆ ತೆಗೆಯುತ್ತೇನೆ ಎಂಬುದನ್ನು ಅವಳು ಮುಚ್ಚಿಟ್ಟಿದ್ದರೆ ತಾನೇ? "ಗ್ವಾಡಿಗಿ ಹಾಕಾಕ ಒಂದ್ ಛಲೋ ಫೋಟೊ ಇರ್ಲಿ ಅಂತ" ಎಂದು ಎಲ್ಲರಿಗೂ ತಿಳಿಯಹೇಳಿಯೇ ಕ್ಯಾಮೆರಾ ಎತ್ತುತ್ತಿದ್ದಳು. ಯಾರು ನಿಂತಾರು? ಕಟ್ಟೆಯ ಮೇಲೆ ಹರಟುತ್ತಿದ್ದ ಮುದುಕರು ಅವಳು ಬರುವುದನ್ನು ಕಂಡರೆ ಸಾಕು, ಮೊಣಕಾಲು ನೋವು ಮರೆತು ಎದ್ದು ಓಡುತ್ತಿದ್ದರು. ಎದುರು ಮನೆಯ ಕಾಕಾ ಒಮ್ಮೆ ಸಿಕ್ಕಿಬಿದ್ದರು. ಎರಡೂ ಕೈ ಮುಗಿದು, "ಅಕ್ಕೋರ, ನಂದಿನ್ನೂ ಟೈಮ್ ಐತ್ರಿ!" ಎಂದು ಗೋಗರೆದರು.

"ಅದಕ್ಕ ಈಗ ತಗೀಬೇಕ್ರಿ ಕಾಕಾ" ಅಂದಳು ಅತ್ತೆ ಶಾಂತವಾಗಿ. "ಆಮ್ಯಾಲ ನೀವು ಕಣ್ ತಗ್ಯಾಂಗಿಲ್ಲ."

ಕಾಕಾ ಆಮೇಲೆ ಬಹಳ ದಿನ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ.

ಓಡಿಹೋಗಲು ಆಗದವರು ನಾವು, ಮನೆಯವರು. ಅಪ್ಪ ಅವಳ ಮೊದಲ ಬಲಿ. ಫೋಟೊದಲ್ಲಿ ಮನುಷ್ಯ ನಟ್ಟನಡುವೆ ಇರಬಾರದು, ಒಂದು ಬದಿಗಿರಬೇಕು ಎಂದು ಮರಾಠಿ ಪುಸ್ತಕ ಹೇಳಿತ್ತು. ಸಂಜೆಯ ಬಂಗಾರದ ಬಿಸಿಲು ಒಳ್ಳೆಯದು ಎಂದೂ ಹೇಳಿತ್ತು. ಅಪ್ಪನಿಗೆ ಇಸ್ತ್ರಿ ಮಾಡಿದ ಧೋತರ ಉಡಿಸಿ, ತಲೆಗೆ ಪಟಗಾ ಸುತ್ತಿಸಿ, ಕಬ್ಬಿನ ಬದುವಿನ ಮೇಲೆ ನಿಲ್ಲಿಸಿ, ಬಿಸಿಲು ಬಂಗಾರವಾಗಲೆಂದು ಕಾದಳು. ಬಂಗಾರವಾಯಿತು. ಅಷ್ಟರಲ್ಲಿ ಕಬ್ಬಿನ ಲಾರಿಯೊಂದು ಹಾದುಹೋಗಿ ಬಂಗಾರವೆಲ್ಲ ಧೂಳಾಯಿತು. ಧೂಳು ಇಳಿಯುವವರೆಗೆ ಸೂರ್ಯ ಇಳಿದ. ಹೀಗೇ ಹಲವು ಸಂಜೆ. ಅಂತೂ ಒಂದು ದಿನ ಫೋಟೊ ಬಂತು. ಪುಸ್ತಕದ ಮಾತಿನಂತೆ ಅಪ್ಪ ಒಂದು ಮೂಲೆಯಲ್ಲಿದ್ದ. ನಡುವಿನ ಜಾಗದಲ್ಲಿ ಪಕ್ಕದ ಹೊಲದ ಎಮ್ಮೆ ಬಂಗಾರದ ಬಿಸಿಲಿನಲ್ಲಿ ಗಂಭೀರವಾಗಿ ನಿಂತಿತ್ತು.

ಅಪ್ಪ ಕನ್ನಡಕ ಏರಿಸಿ ನೋಡಿದ. "ಇದು ನನ್ನ ಫೋಟೊನೊ, ಎಮ್ಮಿದೊ?"

"ಎಮ್ಮಿ ಕಡೆ ನೋಡಬ್ಯಾಡ. ನಿನ್ನ ಕೈ ನೋಡ. ಎಷ್ಟ ಛಲೋ ಬಂದಾವು!"

ಹೌದು, ಕೈ! ಉಳಿದದ್ದೆಲ್ಲ ಪುಸ್ತಕದ್ದು, ಇದೊಂದು ಮಾತ್ರ ಅವಳದೇ ಕಾಯಿದೆ. ಅವಳ ಫೋಟೊದಲ್ಲಿ ಕೈ ಕಾಣಲೇಬೇಕು. ಕ್ಲಿಕ್ಕಿಸುವ ಮೊದಲು "ಕೈ ತೋರಸ್ರಿ!" ಎಂದು ಗದರುತ್ತಿದ್ದಳು. ನೌಕರಿಯಲ್ಲಿದ್ದಾಗ ಸೋಮವಾರ ಸೋಮವಾರ ಮಕ್ಕಳ ಉಗುರು ನೋಡುತ್ತಿದ್ದಳಲ್ಲ, ಅದೇ ದನಿ. ನಾವೂ ಅದೇ ಮಕ್ಕಳಂತೆ ಎರಡೂ ಕೈ ಮುಂದೆ ಚಾಚುತ್ತಿದ್ದೆವು. ಅವಳು ತೆಗೆದ ಫೋಟೊಗಳನ್ನು ಒಟ್ಟಿಗೆ ನೋಡಿದವರಿಗೆ ನಮ್ಮದು ಉಗುರು ತೋರಿಸುವ ಮನೆತನ ಎಂದು ಅನ್ನಿಸಿದರೆ ತಪ್ಪಿಲ್ಲ! ಅಥಣಿಯ ಬೀಗರೊಬ್ಬರು ಹಣೆಗೆ ಕುಂಕುಮ ಹಚ್ಚಿಸಿಕೊಂಡು ಫೋಟೊಕ್ಕೆ ನಿಂತವರು, "ಕೈ ತೋರಸ್ರಿ" ಅಂದಕೂಡಲೇ ಆಹೇರಿಯ ಉಡುಗೊರೆ ಕೊಡುತ್ತಾರೆಂದು ತಿಳಿದು ಸಂತೋಷದಿಂದ ಕೈ ಚಾಚಿದರು. ಬರೀ ಫೋಟೊ ಬಂತು.

ನಕ್ಕೆವು ನಿಜ. ಆದರೆ ಬರಬರುತ್ತ ಅತ್ತೆಯ ಕೈ ಕುದುರಿತು. ಅವ್ವ ರೊಟ್ಟಿ ಬಡಿಯುವಾಗ ತೆಗೆದ ಒಂದು ಫೋಟೊ ಇದೆ. ಹಿಟ್ಟು ಮೆತ್ತಿದ ಕೈ, ಹಣೆಯ ಬೆವರು, ಏನೋ ನೆನಪಾಗಿ ಬಾಯಂಚಿಗೆ ಬಂದ ನಗು. ಅದನ್ನು ನೋಡಿ ಅವ್ವ ತನ್ನದೇ ಮುಖದ ಮುಂದೆ ನಾಚಿಕೊಂಡಳು. "ನಾ ಹಿಂಗ ಅದೀನೇನ್ರಿ ಅಕ್ಕೋರ?" ಎಂದು ಕೇಳಿದಳು. ಕೊನೆಗೆ ಎದುರು ಮನೆಯ ಕಾಕಾ ಕೂಡ ತಾವಾಗಿಯೇ ಬಂದು, ಎತ್ತಿನ ಹಗ್ಗ ಹಿಡಿದ ಕೈ ಕಾಣುವಂತೆ ಕುಳಿತು ತೆಗೆಸಿಕೊಂಡರು. "ಆದ್ರ ಇದನ್ನ ಗಡಬಡಿಸಿ ಫ್ರೇಮ್ ಹಾಕಸಬ್ಯಾಡ್ರಿ" ಎಂದು ಹೇಳಿಹೋದರು.

ಎಲ್ಲರದೂ ಆಯಿತು. ಅವಳದೊಂದೇ ಉಳಿಯಿತು. ನಾವು ಮೊಬೈಲು ಎತ್ತಿದರೆ ಸೆರಗು ಮುಖಕ್ಕೆ ಹೋಗುತ್ತಿತ್ತು. ಸಮಾರಂಭಗಳಲ್ಲಿ ಯಾರ್ಯಾರೋ ತೆಗೆದ ಫೋಟೊಗಳಲ್ಲಿ ಅವಳಿದ್ದಾಳೆ, ಎಲ್ಲದರಲ್ಲೂ ಮುಖದ ಮುಂದೆ ಆ ಕರಿ ಕ್ಯಾಮೆರಾ. "ಕೊಡ ಇಲ್ಲೆ ಅತ್ತಿ, ನಿಂದೊಂದು ನಾ ತಗೀತೀನಿ" ಎಂದು ನಾನು ಕೈ ಚಾಚಿದ್ದು ಎಷ್ಟು ಸಲವೋ.

"ನೀ ಪುಸ್ತಕ ಓದೀಯೇನ?"

ಮುಗಿಯಿತು!

ಆದರೆ ಅವಳೂ ಮರೆತಿರಲಿಲ್ಲ. ತನ್ನದನ್ನು ತಾನೇ ತೆಗೆದುಕೊಳ್ಳುವ ಪಾಠ ಮರಾಠಿ ಪುಸ್ತಕದ ಕೊನೆಗಿತ್ತು. ಗುಂಡಿ ಒತ್ತಿ ನೀವು ಹೋಗಿ ಸಾವಕಾಶ ಕುಳಿತುಕೊಳ್ಳಿ, ಕ್ಯಾಮೆರಾ ನಿಮಗಾಗಿ ಕಾಯುತ್ತದೆ ಎಂದು ಅದರಲ್ಲಿ ಬರೆದಿತ್ತಂತೆ. ಈ ಮಾತು ಅವಳಿಗೆ ಬಹಳ ಹಿಡಿಸಿತು. "ನೋಡ್ರಿ ವೈನಿ, ಕಾಯ್ತೈತಂತ!" ಎಂದು ಅವ್ವನಿಗೆ ಓದಿ ಹೇಳಿದಳು.

ದೀಪಾವಳಿಯ ಪಾಡ್ಯದ ದಿನ ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿದಳು. ಸ್ಟೂಲಿನ ಮೇಲೆ ಹಿಟ್ಟಿನ ಡಬ್ಬಿ, ಡಬ್ಬಿಯ ಮೇಲೆ ಕ್ಯಾಮೆರಾ. ಅಪ್ಪ ಅವ್ವನ ನಡುವೆ ತನಗೊಂದು ಖಾಲಿ ಕುರ್ಚಿ. ಗುಂಡಿ ಒತ್ತಿದಳು, ಸೆರಗು ಸಿಕ್ಕಿಸಿ ಓಡಿ ಬಂದಳು. ನಾಲ್ಕು ಹೆಜ್ಜೆ ಇಡುವುದರೊಳಗೆ ಕ್ಲಿಕ್! ಮತ್ತೆ ಒತ್ತಿದಳು, ಮತ್ತೆ ಓಡಿದಳು, ಕ್ಲಿಕ್! ಎಷ್ಟು ಸಲ ತೆಗೆದರೂ ಫೋಟೊದಲ್ಲಿ ಅವಳ ಬೆನ್ನು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

"ನಿನ್ನ ಕ್ಯಾಮೆರಾಕ್ಕ ದಮ್ ಇಲ್ಲ ನೋಡ, ಕಾಯಾಂಗಿಲ್ಲ ಅದು" ಅಂದ ಅಪ್ಪ.

"ಪುಸ್ತಕದಾಗ ಸುಳ್ಳ ಯಾಕ್ ಬರೀತಾರ? ಕಾಯ್ತೈತಿ. ನನ್ನ ಮೊಣಕಾಲ ನಡ್ಯಾಂಗಿಲ್ಲ."

ಮುಂದಿನ ವಾರ ಹೊಸ ಪುಸ್ತಕ ಬಂತು, ಮೊಣಕಾಲಿನ ವ್ಯಾಯಾಮದ್ದು! ಬೆಳಿಗ್ಗೆ ಅಂಗಳದಲ್ಲಿ ಅದನ್ನು ತೆರೆದಿಟ್ಟು ಬೈಠಕ್ ಹೊಡೆಯುವುದು, ಆಮೇಲೆ ಸ್ಟೂಲಿನಿಂದ ಕುರ್ಚಿಯವರೆಗೆ ಓಡುವ ಅಭ್ಯಾಸ. ಹಾಲು ಹಾಕಲು ಡೇರಿಗೆ ಹೋಗುವವರು ಕ್ಯಾನು ಇಳಿಸಿ ನಿಂತು ನೋಡುತ್ತಿದ್ದರು. "ಅಕ್ಕೋರು ಓಟದ ಸ್ಪರ್ಧೆಗೆ ಹೊಂಟಾರೇನ್ರಿ?" ಎಂದು ಕೇಳಿದರೆ, "ಹೌದಪ್ಪ, ನಂದ ನನ್ನ ಕೂಡನ ಸ್ಪರ್ಧೆ" ಅನ್ನುತ್ತಿದ್ದಳು. ಸಂಕ್ರಾಂತಿಗೆ ಮತ್ತೆ ಎಲ್ಲರನ್ನೂ ಕೂಡಿಸಿದಳು. ಸ್ವಲ್ಪ ಮುಂದೆ ಬಂದಿದ್ದಳು, ಒಂದು ಹೆಜ್ಜೆಯಷ್ಟು. ಅಂದೂ ಬೆನ್ನೇ. "ಯುಗಾದಿಗಿ ನೋಡ್ರಿ, ಕುಂತ ಬಿಡ್ತೀನಿ" ಅಂದಳು.

ಯುಗಾದಿಗೆ ಅವಳಿರಲಿಲ್ಲ. ಒಂದು ಬೆಳಿಗ್ಗೆ ಚಹಾ ಕುಡಿದು, ಎದೆ ಹಿಡಿದಂತಾಗುತ್ತಿದೆ ಎಂದು ಗೋಡೆಗೊರಗಿ ಕುಳಿತಳು. ಚಿಕ್ಕೋಡಿ ತಲುಪುವ ಮೊದಲೇ ದಾರಿಯಲ್ಲಿ ಹೋಗಿಬಿಟ್ಟಳು.

ಮೂರನೆಯ ದಿನದ ಕಾರ್ಯಕ್ಕೆ ಫೋಟೊ ಬೇಕಲ್ಲ. ಅಪ್ಪ, ನಾನು ಅದೇ ಸ್ಟುಡಿಯೋಕ್ಕೆ ಹೋದೆವು. ನಮ್ಮ ಕೈಯಲ್ಲಿದ್ದದ್ದು ಅತ್ತೆಯ ಆಧಾರ್ ಕಾರ್ಡು. ಅದರಲ್ಲಿ ಅವಳು ಯಾರೋ ಬೈದವರಂತೆ ಕಾಣುತ್ತಿದ್ದಳು. ಸ್ಟುಡಿಯೋದವನೂ ಪಾಪ, ದುಃಖಪಟ್ಟ. "ಮಾರಿ ಇದರಾಗಿಂದ ತಗೋತೀನ್ರಿ ಯಜಮಾನ್ರ. ಮೈ ನನ್ನ ಕಡೆ ಐತಿ. ಅಕ್ಕೋರಿಗೆ ಪೈಠಣಿ ಸೀರಿ ಉಡಸೂಣೇನ್ರಿ?" ಎಂದು ಮೆಲ್ಲಗೆ ಕೇಳಿದ.

ಅಪ್ಪ ಕಾರ್ಡನ್ನು ತಿರುಗಿ ಇಸಿದುಕೊಂಡ. "ಮೈ ಬ್ಯಾಡಪ್ಪ" ಎಂದಷ್ಟೇ ಹೇಳಿ ಎದ್ದು ಬಂದ.

ಮನೆಗೆ ಬಂದು ಮೊದಲ ಸಲ ಆ ಕ್ಯಾಮೆರಾವನ್ನು ಕೈಗೆತ್ತಿಕೊಂಡೆ. ಪುಸ್ತಕ ಓದಿರಲಿಲ್ಲ, ಆದರೂ ಎತ್ತಿಕೊಂಡೆ. ಒಳಗಿನ ಫೋಟೊಗಳನ್ನು ಒಂದೊಂದಾಗಿ ಹಿಂದೆ ಸರಿಸುತ್ತ ಹೋದೆ. ಕೈ ಚಾಚಿದ ಅಪ್ಪ, ಕೈ ಚಾಚಿದ ಅವ್ವ, ಕೈ ಚಾಚಿದ ಬೀಗರು, ಅತ್ತೆಯ ಬೆನ್ನು, ಬೆನ್ನು, ಬೆನ್ನು. ಸರಿಸುವಾಗ ಯಾವುದೋ ಗುಂಡಿ ಒತ್ತಿ, ಕ್ಯಾಮೆರಾ ಎಷ್ಟು ಹೊತ್ತು ಕಾಯಬೇಕೆಂಬ ಪಟ್ಟಿ ತೆರೆದುಕೊಂಡಿತು. ಎರಡು ಸೆಕೆಂಡು ಎಂಬಲ್ಲಿ ಗುರುತಿತ್ತು. ಅದರ ಕೆಳಗೇ ಹತ್ತು ಸೆಕೆಂಡು ಎಂದಿತ್ತು. ಗುಂಡಿಯನ್ನು ಒಮ್ಮೆ ಕೆಳಗೆ ಒತ್ತಿದ್ದರೆ ಸಾಕಿತ್ತು. ಮರಾಠಿ ಪುಸ್ತಕದವರ ಕ್ಯಾಮೆರಾ ತಾನಾಗಿಯೇ ಕಾಯುತ್ತಿತ್ತೇನೋ, ಇದಕ್ಕೆ ಹೇಳಬೇಕಿತ್ತು. ಅವಳು ಯಾರನ್ನೂ ಕೇಳಲಿಲ್ಲ, ಅವಳು ಓಡುವುದನ್ನು ನೋಡಿ ನಕ್ಕ ನಾವ್ಯಾರೂ ಪುಸ್ತಕ ತೆರೆಯಲಿಲ್ಲ. ತನ್ನ ಮೊಣಕಾಲಿನದೇ ತಪ್ಪು ಎಂದುಕೊಂಡು ಆ ಚಳಿಗಾಲವೆಲ್ಲ ಬೈಠಕ್ ಹೊಡೆದಳಲ್ಲ! ನನಗೆ ಅಳು ತಡೆಯಲಾಗಲಿಲ್ಲ.

ಅಪ್ಪ ಬಂದು ಪಕ್ಕದಲ್ಲಿ ಕುಳಿತ. ಪರದೆಯ ಮೇಲೆ ಸಂಕ್ರಾಂತಿಯ ಫೋಟೊ ಇತ್ತು. ನಾವೆಲ್ಲ ಬಾಯಿ ತುಂಬ ನಗುತ್ತ ಎರಡೂ ಕೈ ಮುಂದೆ ಚಾಚಿದ್ದೇವೆ. ಅತ್ತೆ ನಮ್ಮ ಕಡೆಗೆ ಓಡಿಬರುತ್ತಿದ್ದಾಳೆ, ಸೆರಗು ಹಾರಿದೆ, ಹೆರಳು ಸಡಲಿದೆ, ಒಂದು ಚಪ್ಪಲಿ ಹಿಂದುಳಿದಿದೆ. ಅವಳ ಎರಡೂ ತೋಳು ನಮ್ಮನ್ನೆಲ್ಲ ಬಾಚಿಕೊಳ್ಳುವವಳ ಹಾಗೆ ಅಗಲವಾಗಿ ಚಾಚಿವೆ. ಅಪ್ಪ ಬಗ್ಗಿ ನೋಡಿದ. ಆ ಕೈಗಳ ಮೇಲೆ ಬೆರಳಿಟ್ಟ.

"ಕೈ ಆಕೀವ ಅದಾವು" ಅಂದ. "ಇದನ್ನ ಹಾಕಸು."

ಈಗ ನಮ್ಮ ಪಡಸಾಲೆಯ ಗೋಡೆಯಲ್ಲಿ ಮಂದಿಯ ಮೈ ಹಚ್ಚಿಕೊಂಡ ಆಯಿಯ ಪಕ್ಕದಲ್ಲಿ ಅತ್ತೆಯ ಬೆನ್ನಿದೆ. ಬಂದವರು ಮಾಲೆ ಹಾಕಿದ್ದು ಯಾರಿಗೆಂದು ತಿಳಿಯದೆ ಕಕ್ಕಾಬಿಕ್ಕಿಯಾಗುತ್ತಾರೆ. "ಇದರಾಗ ಹೋದವರು ಯಾರ್ರಿ?" ಎಂದು ನಮ್ಮ ಮುಖಗಳನ್ನೇ ಒಂದೊಂದಾಗಿ ನೋಡುತ್ತಾರೆ! ಓಡಾಕತ್ತಾಳಲ್ಲ, ಆಕಿ ಎಂದು ಅವ್ವ ತೋರಿಸುತ್ತಾಳೆ. ನಾನು ಖಾಕಿ ರಟ್ಟಿನ ಆ ಮರಾಠಿ ಪುಸ್ತಕವನ್ನು ಮೊದಲಿನಿಂದ ಓದುತ್ತಿದ್ದೇನೆ. ಕೊನೆಯ ಪಾಠಕ್ಕೆ ಇನ್ನೂ ಬಂದಿಲ್ಲ, ಬರುವ ಅವಸರವೂ ಇಲ್ಲ.

ಫೋಟೊದಲ್ಲಿ ಅಪ್ಪ ಅವ್ವನ ನಡುವಿನ ಕುರ್ಚಿ ಖಾಲಿ ಇದೆ. ಎಲ್ಲರೂ ಎರಡೂ ಕೈ ತೋರಿಸಿದ್ದೇವೆ ಎಂದೆನಲ್ಲ, ಮೊನ್ನೆ ಹತ್ತಿರ ಹೋಗಿ ನೋಡಿದೆ. ಅಪ್ಪನದು ಒಂದೇ ಕೈ ಮುಂದಿದೆ. ಇನ್ನೊಂದು ಕೈ ಪಕ್ಕದ ಕುರ್ಚಿಯ ಮೇಲಿದೆ, ತಂಗಿ ಬರುವವರೆಗೆ ಬೇರೆ ಯಾರೂ ಕುಳಿತುಕೊಳ್ಳದ ಹಾಗೆ ಹಿಡಿದುಕೊಂಡು.